ಹಣ್ಣಿಗೆ ಬಂದ ಗಿಡ ಕಿತ್ತದ್ದು

ಮಾರ್ಚ್ ೧೨, ಬುಧವಾರ

ಮಗಳಂಥ ಸೊಸೆಗೆ ನಿನ್ನ ಮಾವನ ತುಂಬುಮನಸ್ಸಿನ ಆಶೀರ್ವಾದ.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಇವತ್ತು ಬರೆದೇನು, ನಾಳೆ ಬರೆದೇನು ಎಂದು ದಿನ ತಳ್ಳಿದೆ. ಬೇಸರ ಮಾಡಿಕೊಳ್ಳಬೇಡ. ಫೋನು ಜೇಬಿನಲ್ಲೇ ಇದೆ, ಆದರೆ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ.

ಗುಬ್ಬಿ ನಿನ್ನ ಅಮ್ಮನ ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಾಳೆ ಎಂದು ಬರೆದಿದ್ದೀಯ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಾಲ್ಕು ವರ್ಷದ ಮಗು, ನಾಲ್ಕು ದಿನ ಆಸ್ಪತ್ರೆಯ ಹಾಸಿಗೆಗೆ ಅಂಟಿಕೊಂಡಿತ್ತಲ್ಲ, ಅದು ಇನ್ನೂ ನನ್ನ ಕಣ್ಣಿಂದ ಹೋಗಿಲ್ಲ.

ಇಲ್ಲಿ ನಾವಿಬ್ಬರೂ ಇದ್ದೇವೆ, ಅಷ್ಟೇ. ನಿನ್ನ ಗಂಡ ಬೆಳಿಗ್ಗೆ ಹೋಗುತ್ತಾನೆ, ಸಂಜೆ ಬರುತ್ತಾನೆ. ಒಂದೇ ಮೇಜಿಗೆ ಕೂತು ತಿನ್ನುತ್ತೇವೆ, 'ಉಪ್ಪು ಕೊಡಿ' ಎಂಬುದೇ ದೊಡ್ಡ ಮಾತು. ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ ಎಂದು ಅವನು ಬಾಯಿಬಿಟ್ಟು ಹೇಳುವವನಲ್ಲ. ನಿನ್ನ ಚಪ್ಪಲಿಯನ್ನು ಮಾತ್ರ ಬಾಗಿಲಿಂದ ತೆಗೆದಿಟ್ಟಿಲ್ಲ.

ಟೊಮೆಟೊ ಏನಾಯಿತು ಎಂದು ಕೇಳಿದ್ದೀಯ. ಹನ್ನೆರಡೂ ಗಿಡ ಕಿತ್ತುಹಾಕಿದೆ. ಬೀಜದಂಗಡಿಯವನು 'ಹೈಬ್ರಿಡ್ಡು ಸಾರ್, ನೆಟ್ಟ ಐವತ್ತೈದನೇ ದಿನಕ್ಕೆ ಹಣ್ಣು' ಎಂದಿದ್ದ. ಐವತ್ತೆರಡನೆಯ ದಿನಕ್ಕೇ ಎರಡು ಕೆಂಪಾಗಿದ್ದವು. ಪಕ್ಕದ ಮನೆಯ ಟೈಲರನ ನಾಟಿ ಗಿಡಗಳು ಆಗಿನ್ನೂ ಹೂವಿನಲ್ಲೇ ಇದ್ದವು, ಅವನ ಹೊಟ್ಟೆಕಿಚ್ಚು ನೋಡಲು ನನಗೆ ಎರಡು ಕಣ್ಣು ಸಾಲದಾಗಿತ್ತು. ನಾನು ಗಿಡ ಕೀಳುವುದನ್ನು ಕಂಡು ಅವನು ಸೂಜಿ ಕಚ್ಚಿಕೊಂಡೇ ಓಡಿಬಂದ.

"ತಲೆ ಕೆಟ್ಟಿದೆಯೇನ್ರೀ? ಹಣ್ಣಿಗೆ ಬಂದ ಗಿಡ ಯಾರಾದ್ರೂ ಕೀಳ್ತಾರಾ?"

"ರೋಗ ಬಂದಿತ್ತು" ಎಂದೆ.

"ಎಲ್ಲಿ, ಒಂದೆಲೆ ತೋರ್ಸಿ ನೋಡೋಣ" ಎಂದ. ನಾನು ಒಳಗೆ ಬಂದುಬಿಟ್ಟೆ.

ಈಗ ಹೇಳಲೇಬೇಕಾದ ಸುದ್ದಿ. ಭಾನುವಾರ ನಿನ್ನ ಗಂಡ ಅಲ್ಲಿಗೆ ಬರುತ್ತಿದ್ದಾನೆ, ನಿಮ್ಮಿಬ್ಬರನ್ನೂ ಕರೆತರಲು ಅಲ್ಲ. "ಮಗೂನ ಮಾತ್ರ ಕರ್ಕೊಂಡು ಬರ್ತೀನಪ್ಪ. ಎರಡು ದಿನದ ಹಳೇ ಹಾಲು ಕುಡಿಸೋ ತಾಯಿ ಹತ್ರ ಹೆಂಗೆ ಬಿಡೋದು?" ಎಂದು ನಿನ್ನೆ ಊಟದ ನಡುವೆ ಹೇಳಿದ. ಆಸ್ಪತ್ರೆಯಲ್ಲಿ ಎಲ್ಲರೆದುರು ನಿನ್ನ ಮೇಲೆ ಹರಿಹಾಯ್ದದ್ದು ಸಾಲದೆಂಬಂತೆ. ಅಂದು ನೀನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ. ನಾನು ನಿನ್ನ ಪಕ್ಕದಲ್ಲೇ ಇದ್ದೆ.

ನೀನೀಗ ಮಗುವಿಗೆ ಕೈಯಾರೆ ಏನೂ ಕೊಡುವುದಿಲ್ಲವಂತೆ. ಲೋಟವನ್ನು ಹತ್ತು ಸಲ ಮೂಸಿ, ಆಮೇಲೆ ನಿನ್ನ ಅಮ್ಮನ ಕೈಗೆ ಕೊಡುತ್ತೀಯಂತೆ. 'ಮಾವ, ನಿಜ ಹೇಳಿ, ಆ ಹಾಲು ಹಳಸಿತ್ತಾ? ನಿಮಗೇನಾದ್ರೂ ವಾಸನೆ ಬಂದಿತ್ತಾ?' ಎಂದು ಕೇಳಿದ್ದೀಯ. ಎಲ್ಲಕ್ಕೂ ಉತ್ತರ ಬರೆದೆ, ಇದೊಂದನ್ನು ಬಿಟ್ಟು.

ಗುಬ್ಬಿಯ ಕೆನ್ನೆ ಮತ್ತೆ ತುಂಬಲಿ. ನಿನ್ನ ಕಣ್ಣಿಗೆ ನಿದ್ದೆ ಹತ್ತಲಿ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಮಾವ

ಸಹಿ ಹಾಕಿದ ಮೇಲೆ ಬರೆದದ್ದು:

ಹಾಲು ಹಳಸಿರಲಿಲ್ಲ. ನೀವೆಲ್ಲ ಆಸ್ಪತ್ರೆಯಲ್ಲಿದ್ದಾಗ ಬಟ್ಟೆ ತರಲು ಮನೆಗೆ ಬಂದೆನಲ್ಲ, ಆಗ ಉಳಿದ ಹಾಲನ್ನು ನಾನೇ ಕುಡಿದೆ. ನನಗೇನೂ ಆಗಲಿಲ್ಲ. ಆಗುವುದಿಲ್ಲ ಎಂದು ಕುಡಿಯುವ ಮೊದಲೇ ಗೊತ್ತಿತ್ತು.

ಆ ಬೆಳಿಗ್ಗೆ ನಾನು ಗಿಡಕ್ಕೆ ಔಷಧಿ ಹೊಡೆದಿದ್ದೆ. ಕಾಯಿಕೊರಕ ಹುಳು ಬಿದ್ದಿತ್ತು. ಟೈಲರನೆದುರು ಸೋಲಬಾರದೆಂದು, ನೀವು ಏಳುವ ಮೊದಲೇ ಹೊಡೆದು ಮುಗಿಸಿದೆ. ಹೊಡೆದ ಮೇಲೆ ಏಳು ದಿನ ಕೀಳಬಾರದೆಂದು ಬಾಟಲಿಯ ಮೇಲೆ ಬರೆದಿತ್ತು, ಓದಿದ್ದೆ. ಕೆಂಪಾದದ್ದನ್ನು ಗಿಡದಿಂದಲೇ ಕಿತ್ತು ತಿನ್ನಬೇಕೆಂದು ಗುಬ್ಬಿಗೆ ಹೇಳಿಕೊಟ್ಟವನೂ ನಾನೇ. ನಾನು ಒಳಗೆ ಕೈ ತೊಳೆಯುತ್ತಿದ್ದಾಗ ಅವಳು ಎದ್ದು ಹಿತ್ತಲಿಗೆ ಹೋಗಿದ್ದಾಳೆ. ಅವಳು ವಾಂತಿ ಮಾಡಿಕೊಂಡು ಜೊಲ್ಲು ಸುರಿಸುತ್ತ ಬೆವೆತಾಗ ನಾನು ಹಿತ್ತಲಿಗೆ ಓಡಿದೆ. ಕಚ್ಚಿದ ಹಣ್ಣು ಗಿಡದ ಬುಡದಲ್ಲಿ ಬಿದ್ದಿತ್ತು. ಅದನ್ನು ಕಾಲಿನಿಂದ ಮಣ್ಣಿಗೆ ತುಳಿದೆ.

"ಮನೇಲಿ ಗಿಡಕ್ಕೆ ಏನಾದ್ರೂ ಹೊಡ್ದಿದ್ರಾ?" ಎಂದು ಡಾಕ್ಟರಮ್ಮ ನಮ್ಮೆಲ್ಲರೆದುರು ಕೇಳಿದರು. "ಇಲ್ಲ, ಬರೀ ಗೊಬ್ಬರ" ಎಂದೆ. ಮೂವತ್ತೊಂದು ವರ್ಷ ಕಾಂಪೌಂಡರಾಗಿ ಒಬ್ಬರಿಗೂ ತಪ್ಪು ಬಾಟಲಿ ಕೊಡದವನು ಎಂಬ ಹೆಮ್ಮೆ ನನ್ನ ನಾಲಿಗೆ ಹಿಡಿಯಿತು. ಆಗ ನೀನು "ಬೆಳಿಗ್ಗೆ ಎರಡು ದಿನದ ಹಾಲು ಕೊಟ್ಟಿದ್ದೆ" ಎಂದೆ. ತಪ್ಪು ನಿನ್ನ ತಲೆಗೆ ಬಿತ್ತು, ನಾನು ಬೀಳಲು ಬಿಟ್ಟೆ.

ಎರಡು ಗಂಟೆ ಕಳೆಯಿತು. ಮಗುವಿನ ಉಸಿರು ಏರುಪೇರಾದಾಗ ತಡೆಯಲಾಗದೆ ಡಾಕ್ಟರಮ್ಮನ ಬಳಿ ಒಬ್ಬನೇ ಹೋಗಿ ಬಾಟಲಿಯ ಹೆಸರು ಹೇಳಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಒಳಗೆ ಓಡಿದರು. ಆಮೇಲೆ "ಮನೆಯವರಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದರು. ನಾನೇ ಹೇಳುತ್ತೇನೆಂದು ಮಾತು ಕೊಟ್ಟೆ. ಇಪ್ಪತ್ತು ದಿನವಾಯಿತು.

ಇಷ್ಟು ಬರೆದು ಲಕೋಟೆಗೆ ಹಾಕುವ ಮೊದಲು ನಿನ್ನ ಗಂಡನ ಕೈಗೆ ಕೊಟ್ಟೆ. ಅವನು ನಿಂತೇ ಓದಿದ. ಕೂಗಾಡುತ್ತಾನೆಂದು ಕಾದೆ, ಕೂಗಲಿಲ್ಲ.

"ನಾನವಳಿಗೆ ಏನೇನಂದೆ ಅಂತ ನಿಮಗೆ ಗೊತ್ತಲ್ಲಪ್ಪಾ. ಪಕ್ಕದಲ್ಲೇ ಇದ್ರಲ್ಲ" ಎಂದ. ಆಮೇಲೆ ನೆಲದ ಮೇಲೇ ಕೂತುಬಿಟ್ಟ.

ಭಾನುವಾರ ಅವನು ಬರುತ್ತಾನೆ, ಮಗುವನ್ನು ಕಿತ್ತುಕೊಳ್ಳಲು ಅಲ್ಲ. ಬಾಗಿಲು ತೆಗೆಯುವುದು ಬಿಡುವುದು ನಿನ್ನ ಇಷ್ಟ. ನಾನು ಬರುವುದಿಲ್ಲ. ಕ್ಷಮಿಸು ಎಂದು ಕೇಳಲು ಬಾಯಿಲ್ಲ. ಗುಬ್ಬಿಗೆ ಮಾತ್ರ ನಿನ್ನ ಕೈಯಾರೆ ಊಟ ಮಾಡಿಸಮ್ಮ, ಇವತ್ತೇ.