ಆ ಮೀನು ನನ್ನ ಅಂಗಡಿಯದು

ಪ್ರಾಂತ್ಯದ ಆಹಾರ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹೆಂಡತಿ ನಗಾತ್ ಕಳೆದ ವರ್ಷದ ಶಮ್ ಅಲ್-ನಸೀಮ್ ವಸಂತ ಹಬ್ಬದಂದು ಹುದುಗಿಸಿದ ಉಪ್ಪುಮೀನು ಫಸೀಖ್ ತಿಂದು, ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ನಿಮ್ಮ ಕಚೇರಿಯ ಕಡತದಲ್ಲಿ ಅವಳ ಹೆಸರಿನ ಮುಂದೆ ಒಂದು ಸಾಲು ಬರೆದಿದೆ: 'ಮೂಲ ಗೊತ್ತಿಲ್ಲದ ಉಪ್ಪುಮೀನಿನ ಸೇವನೆ.' ಆ ಸಾಲು ಸುಳ್ಳು. ಮೂಲ ನನಗೆ ಗೊತ್ತಿದೆ, ನಿಮ್ಮ ಗುಮಾಸ್ತರಿಗೆ ಗೊತ್ತಿದೆ, ನಿಮಗೂ ಗೊತ್ತಿದೆ. ಆ ಮೀನಿಗೆ ಉಪ್ಪು ಹಾಕಿದವನು ನಾನು. ಕಫ್ರ್ ಬದ್ರಾನ್ ಊರಿನ ಪೇಟೆಬೀದಿಯಲ್ಲಿ ಮೂರು ತಲೆಮಾರಿನಿಂದ ಇರುವ ಅಂಗಡಿ ನನ್ನದು. ನಿಮ್ಮ ಮೊಹರಿರುವ ಪರವಾನಗಿಯನ್ನು ಗಾಜು ಹಾಕಿಸಿ ಗೋಡೆಗೆ ತೂಗಿದ್ದೇನೆ. ಆ ಸಾಲನ್ನು ತಿದ್ದಿ ಎಂದು ಹತ್ತು ತಿಂಗಳಿಂದ ಕೇಳುತ್ತಿದ್ದೇನೆ. ತಪ್ಪನ್ನು ನನ್ನ ಮೇಲೆ ಹೊರಿಸಿ ಎಂದು ಬೇಡಿಕೊಳ್ಳಲು ಒಬ್ಬ ಮನುಷ್ಯ ಸರ್ಕಾರಿ ಕಚೇರಿಗೆ ಇಷ್ಟು ಸಲ ಅಲೆಯಬೇಕಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಹಬ್ಬಕ್ಕೆ ಇನ್ನು ಮೂರು ವಾರ ಇದೆ. ನಿಮ್ಮ ವಾರ್ಷಿಕ ಪ್ರಕಟಣೆಯೂ ಇಷ್ಟರಲ್ಲೇ ಬರಬೇಕು. ಅದರ ಮಾತು ನನಗೆ ಬಾಯಿಪಾಠ: 'ನಾಗರಿಕರು ಫಸೀಖನ್ನು ಪರವಾನಗಿ ಇರುವ, ನಂಬಿಕಸ್ತ ಅಂಗಡಿಗಳಿಂದಲೇ ಕೊಳ್ಳಬೇಕು. ಕೆಟ್ಟ ವಾಸನೆ ಬಂದರೆ ತಿನ್ನಬಾರದು.' ಎಷ್ಟು ಸೊಗಸಾದ ಸಲಹೆ. ನನ್ನ ಹೆಂಡತಿ ಅದನ್ನು ಅಕ್ಷರಶಃ ಪಾಲಿಸಿದಳು. ಪರವಾನಗಿ ಇರುವ ಅಂಗಡಿಯ ಮಾಲೀಕನನ್ನೇ ಮದುವೆಯಾಗಿದ್ದಳು. ಕೆಟ್ಟ ವಾಸನೆ ಬರುತ್ತದೆಯೇ ಎಂದು ನೋಡಲು ಇಡೀ ತಾಲ್ಲೂಕಿನಲ್ಲೇ ಹೆಸರಾದ ಮೂಗು ಅವಳ ಮನೆಯಲ್ಲೇ ಇತ್ತು. ಇದಕ್ಕಿಂತ ಹೆಚ್ಚು ವಿಧೇಯ ನಾಗರಿಕರು ನಿಮಗೆ ಇನ್ನೆಲ್ಲಿ ಸಿಗುತ್ತಾರೆ?

ನಡೆದದ್ದನ್ನು ಹೇಳುತ್ತೇನೆ. ನಿಮ್ಮ ಕಡತದಲ್ಲಿ ಇದಕ್ಕೆ ಜಾಗ ಇರಲಿಲ್ಲವಂತೆ, ಈ ಬಹಿರಂಗ ಪತ್ರಕ್ಕೆ ಪತ್ರಿಕೆಯವರು ಜಾಗ ಕೊಟ್ಟಿದ್ದಾರೆ.

ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ವಿಶ್ವವಿದ್ಯಾಲಯದಿಂದ ಇಬ್ತಿಸಾಮ್ ಎಂಬ ಸಂಶೋಧಕಿ ನಮ್ಮ ಬೀದಿಗೆ ಬಂದರು. ನಿಮ್ಮ ಕಚೇರಿಯ ಅನುಮತಿ ಪತ್ರ ಅವರ ಕೈಯಲ್ಲಿತ್ತು. ಪ್ರತಿ ಅಂಗಡಿಯ ಪೀಪಾಯಿಯಿಂದ ಮೀನು ತೆಗೆದುಕೊಂಡರು, ಉಪ್ಪು ಅಳೆದರು. ಹೊಟ್ಟೆ ಬಗೆಯದ ಇಡೀ ಮೀನನ್ನು ಉಪ್ಪು ಹಾಕುವ ಮೊದಲು ಎಷ್ಟು ಹೊತ್ತು ಉಬ್ಬಲು ಬಿಡುತ್ತೇವೆ ಎಂದು ಕೇಳಿ ಬರೆದುಕೊಂಡರು. ಕೆಲವು ವಾರ ಬಿಟ್ಟು ನಮ್ಮ ಕಸುಬಿನ ಹನ್ನೆರಡು ಜನರನ್ನು ಒಂದು ಹಾಲ್‌ಗೆ ಕರೆಸಿದರು. ಮೇಜಿನ ಮೇಲೆ ನಲವತ್ತು ಡಬ್ಬಿ, ಮುಚ್ಚಳಕ್ಕೆ ತೂತು.

"ಬಸ್ಯೂನಿ ಚಿಕ್ಕಪ್ಪಾ, ಮೂಸಿ ನೋಡಿ ಹೇಳಿ. ಯಾವ್ದು ತಿನ್ಬಹುದು, ಯಾವ್ದು ತಿನ್ಬಾರ್ದು?" ಎಂದರು.

"ಇದು ಕೆಲ್ಸಾನಾ, ಆಟಾನಾ ಡಾಕ್ಟ್ರಮ್ಮ?" ಎಂದು ನಾನು ಕೇಳಿದೆ. "ನಲವತ್ತಕ್ಕೆ ನಲವತ್ತೂ ಸರಿ ಹೇಳಿದ್ರೆ ಏನ್ ಕೊಡ್ತೀರಿ?"

"ಒಂದು ಸರ್ಟಿಫಿಕೇಟ್ ಕೊಡ್ತೀನಿ."

"ಬೇಡ. ನಾನು ಸತ್ತ ಮೇಲೆ ಈ ಮೂಗು ನಿಮ್ಮ ಯೂನಿವರ್ಸಿಟಿಗೇ ಕೊಟ್ಬಿಡ್ತೀನಿ, ಗಾಜಿನ ಜಾಡೀಲಿ ಇಟ್ಕೊಳ್ಳಿ."

ಎಲ್ಲರೂ ನಕ್ಕರು. ನಾನು ಒಂದೊಂದೇ ಡಬ್ಬಿ ಎತ್ತಿ ಮೂಸಿದೆ. ಅಪ್ಪ ಕಲಿಸಿದ ಹಾಗೆ ಒಂದು ಸಲ ಉಸಿರು ಪೂರಾ ಬಿಟ್ಟು, ಆಮೇಲೆ ಮೆಲ್ಲಗೆ ಎಳೆದುಕೊಳ್ಳುತ್ತೇನೆ. ಎಲ್ಲರಿಗಿಂತ ಬೇಗ ಮುಗಿಸಿ, ಚಹಾ ಕುಡಿದು, ಊರಿಗೆ ಬಂದು ನಗಾತ್‌ಗೆ ಕೊಚ್ಚಿಕೊಂಡೆ. ಫಲಿತಾಂಶ ಏನಾಯಿತು ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ. ಸರಿ ಉತ್ತರ ಬರೆದವನು ಫಲಿತಾಂಶಕ್ಕೆ ಕಾಯುತ್ತಾನೆಯೇ?

ಫಲಿತಾಂಶ ಬಂದಿತ್ತು, ಮಾನ್ಯರೇ. ನಗಾತ್ ಸಾಯುವುದಕ್ಕೆ ಹದಿಮೂರು ತಿಂಗಳು ಮೊದಲೇ ಅದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಮ್ಮಂಥವರಿಗೆ ಅರ್ಥವಾಗುವಂತೆ ಅರಬ್ಬಿಯಲ್ಲಿ ಒಂದು ಪುಟದ ಸಾರಾಂಶ ಬರೆದು, ಎಲ್ಲ ಅಂಗಡಿಗಳಿಗೆ ಹಂಚಲು ಅನುಮತಿ ಕೊಡಿ ಎಂದು ಇಬ್ತಿಸಾಮ್ ನಿಮ್ಮ ಕಚೇರಿಗೆ ಕಳುಹಿಸಿದ್ದರು. ಆ ವರ್ಷದ ಹಬ್ಬಕ್ಕೆ ಮೊದಲು ನೀವು ಉತ್ತರಿಸಿದಿರಿ: 'ಹಬ್ಬದ ಸಮಯದಲ್ಲಿ ಸಾರ್ವಜನಿಕರಲ್ಲಿ ಗಾಬರಿ ಹುಟ್ಟಿಸುವುದು ಸೂಕ್ತವಲ್ಲ.' ಹಬ್ಬ ಮುಗಿದ ಮೇಲೆ ಅವರು ಮತ್ತೆ ಕೇಳಿದರು. ನೀವು ಮತ್ತೆ ಉತ್ತರಿಸಿದಿರಿ: 'ಫಸೀಖ್ ಸೇವನೆಯ ಋತು ಮುಗಿದಿರುವುದರಿಂದ ವಿಷಯ ಸದ್ಯಕ್ಕೆ ಪ್ರಸ್ತುತವಲ್ಲ.' ಎರಡೂ ಪತ್ರಗಳ ನಕಲು ನನ್ನ ಬಳಿ ಇದೆ. ಹಬ್ಬಕ್ಕೆ ಮೊದಲೂ ಆಗದ, ಹಬ್ಬದ ನಂತರವೂ ಆಗದ ಈ ಕೆಲಸಕ್ಕೆ ವರ್ಷದಲ್ಲಿ ಯಾವ ದಿನ ಪ್ರಶಸ್ತ ಎಂದು ದಯವಿಟ್ಟು ತಿಳಿಸುತ್ತೀರಾ?

ಆ ಪುಟದಲ್ಲಿ ಏನಿದೆ ಎಂದು ನಾನೇ ಇಲ್ಲಿ ಬರೆಯುತ್ತೇನೆ. ಬೊಟುಲಿಸಂ ಎಂಬ, ನರಗಳನ್ನು ಸೋಲಿಸುವ ರೋಗ ತರುವ ಸೂಕ್ಷ್ಮಜೀವಿ ಮೀನಿನ ಕರುಳಿನಲ್ಲಿ, ಗಾಳಿ ಆಡದ, ಉಪ್ಪು ಇನ್ನೂ ಇಳಿಯದ ಕಡೆ ಬೆಳೆಯುತ್ತದೆ. ಪೀಪಾಯಿಯ ನೀರು ಎಷ್ಟು ಉಪ್ಪಾಗಿದೆ ಎನ್ನುವುದು ಮುಖ್ಯವಲ್ಲ, ಮೀನಿನ ಒಳಮಾಂಸಕ್ಕೆ ಎಷ್ಟು ಉಪ್ಪು, ಎಷ್ಟು ಬೇಗ ತಲುಪಿತು ಎನ್ನುವುದು ಮುಖ್ಯ. ಉಪ್ಪು ಕಡಿಮೆ ಹಾಕಿದಷ್ಟೂ ಅಪಾಯ ಹೆಚ್ಚು. ನಾವು ಫಸೀಖನ್ನು ಬೇಯಿಸದೆ ತಿನ್ನುತ್ತೇವೆ, ಆದ್ದರಿಂದ ಹುಟ್ಟಿದ ವಿಷ ಹಾಗೇ ತಟ್ಟೆಗೆ ಬರುತ್ತದೆ. ನಿಂಬೆ ಹಿಂಡಿದರೆ, ಈರುಳ್ಳಿ ಕಡಿದರೆ ಹೋಗುವುದಿಲ್ಲ. ಆ ವಿಷಕ್ಕೆ ವಾಸನೆ ಇಲ್ಲ. ನಲವತ್ತು ಡಬ್ಬಿಗಳಲ್ಲಿ ಎಂಟರಲ್ಲಿ ವಿಷ ಇತ್ತು. ಹನ್ನೆರಡು ಜನರ ಉತ್ತರಗಳನ್ನು ಒಟ್ಟು ಮಾಡಿ ನೋಡಿದರೆ, ಕಣ್ಣು ಮುಚ್ಚಿ ಬೆರಳಿಟ್ಟು ತೋರಿಸಿದ್ದರೂ ಅಷ್ಟೇ ಸರಿ ಬರುತ್ತಿತ್ತು. ನನ್ನ ಮಗಳು ರಬಾಬ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ತಾಯಿ ಹೋದ ಮೇಲೆ ಅವಳು ಆ ಲೇಖನವನ್ನು ನನ್ನ ಎದುರು ಕೂತು ಸಾಲು ಸಾಲಾಗಿ ಓದಿ ಹೇಳಿದಳು. ಏಳನೇ ನಂಬರಿನ ಮನುಷ್ಯ ಎಲ್ಲರಿಗಿಂತ ಬೇಗ ಮುಗಿಸಿದ, ತನ್ನ ಉತ್ತರಗಳ ಬಗ್ಗೆ ಅವನಿಗೆ ಸಂಶಯವೇ ಇರಲಿಲ್ಲ, ಎಂಟರಲ್ಲಿ ಆರು ವಿಷದ ಡಬ್ಬಿಗಳನ್ನು ತಿನ್ನಬಹುದು ಎಂದ. ರಬಾಬ್ ಅಲ್ಲಿಗೆ ಓದುವುದನ್ನು ನಿಲ್ಲಿಸಿದಳು. ಏಳನೇ ಕುರ್ಚಿಯಲ್ಲಿ ಕೂತವನು ಯಾರು ಎಂದು ಅವಳು ಕೇಳಲಿಲ್ಲ, ನಾನು ಹೇಳಿದೆ.

ಈಗ ನಗಾತ್‌ಳ ವಿಷಯ. ಅವಳಿಗೆ ರಕ್ತದೊತ್ತಡ ಇತ್ತು. ಊರ ಚಿಕಿತ್ಸಾಲಯದ ಗೋಡೆಯ ಮೇಲೆ ಉಪ್ಪಿನ ಡಬ್ಬಿಗೆ ಕೆಂಪು ಗೆರೆ ಎಳೆದ ಚಿತ್ರ ಇದೆ, 'ಉಪ್ಪು ಕಡಿಮೆ ಮಾಡಿ, ಆಯಸ್ಸು ಹೆಚ್ಚಿಸಿ' ಎಂದು. ಅದೂ ಸರ್ಕಾರದ್ದೇ. ವೈದ್ಯರು ಅವಳಿಗೆ ಫಸೀಖ್ ಮುಟ್ಟಲೇಬೇಡ ಎಂದಿದ್ದರು. ಹಬ್ಬಕ್ಕೆ ಒಂದು ತಿಂಗಳಿದ್ದಾಗ ಅವಳು ಅಂಗಡಿಯ ಕಟ್ಟೆ ಮೇಲೆ ಕೂತು ಹಸಿ ಈರುಳ್ಳಿ ಸೋಸುತ್ತ ಹೇಳಿದಳು:

"ಫಸೀಖ್ ಹಾಕೋನ ಹೆಂಡ್ತಿ ಹಬ್ಬದ ದಿನ ಟ್ಯೂನಾ ಡಬ್ಬಿ ತೆರೀಬೇಕಾ, ರಬಾಬ್ ಅಪ್ಪಾ? ನೋಡಿದೋರು ಏನಂತಾರೆ? ಗಂಡನ ಕೈ ಮೇಲೆ ಅವಳಿಗೇ ನಂಬ್ಕೆ ಇಲ್ಲ ಅಂತಾರೆ."

"ಡಾಕ್ಟ್ರು ಬೇಡ ಅಂದಿದಾರಲ್ಲೇ."

"ಡಾಕ್ಟ್ರು ಬೇಡ ಅಂದಿದ್ದು ಉಪ್ಪು. ಮೀನು ಬೇಡ ಅಂದಿಲ್ಲ."

"ಸರಿ ಬಿಡು, ನಿನಗೆ ಅಂತಾನೇ ಬೇರೆ ಹಾಕ್ತೀನಿ. ಅರ್ಧ ಉಪ್ಪು."

"ಮೂವತ್ತೊಂದು ವರ್ಷಕ್ಕೆ ಒಂದು ಸಲ ಬುದ್ಧಿ ಬಂತು ನೋಡು," ಎಂದಳು.

ಬೇರೆ ಯಾವ ಕಸುಬಿನವನೂ ಈ ತಪ್ಪು ಮಾಡಲಾರ. ಬಡಗಿ ತನ್ನ ಹೆಂಡತಿಗೆ ಹೀಗೆ ಮಾಡಲಾರ, ದರ್ಜಿ ಮಾಡಲಾರ. ಪೀಪಾಯಿ ಬಿಟ್ಟು ಒಂದು ಸಣ್ಣ ಮಣ್ಣಿನ ಜಾಡಿ ತೆಗೆದುಕೊಂಡೆ. ಆ ದಿನ ಬಂದ ಮೀನಿನಲ್ಲಿ ಅತಿ ಚೆಂದದ ಐದನ್ನು ಆರಿಸಿದೆ. ಅವು ಉಬ್ಬಿ ಬರಲಿ ಎಂದು ಬಿಟ್ಟೆ. ಕಿವಿರಿಗೆ ಉಪ್ಪು ತುಂಬುವಾಗ ಪ್ರತಿ ಸಲ ಕೈ ಬಿಗಿ ಹಿಡಿದೆ. ಜಾಡಿಯ ಬಾಯಿ ಕಟ್ಟಿ, ಬೇರೆಯವರಿಗೆ ಹೋಗದಿರಲಿ ಎಂದು ಅವಳ ಹೆಸರು ಬರೆದೆ. ಹಬ್ಬದ ದಿನ ತೆರೆದು ಮೊದಲು ನಾನೇ ಮೂಸಿದೆ. ಚೆನ್ನಾಗಿತ್ತು. ನಾನು ಮತ್ತು ರಬಾಬ್ ಪೀಪಾಯಿಯದನ್ನು ತಿಂದೆವು, ನಗಾತ್ ಜಾಡಿಯದನ್ನು ತಿಂದಳು. ಕಾಲುವೆ ದಂಡೆಯಲ್ಲಿ ಚಾಪೆ ಹಾಸಿ ಕೂತಿದ್ದೆವು. ಅವಳು ಎರಡು ಮೀನು ಮುಗಿಸಿದಳು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. "ನೀನು ಇಬ್ಬರಾಗಿ ಕಾಣ್ತಿದೀಯ, ರಬಾಬ್ ಅಪ್ಪಾ. ಒಬ್ಬನ್ನ ಸುಧಾರಿಸೋದೇ ನನಗೆ ಸಾಕಾಗಿತ್ತು." ಮಧ್ಯಾಹ್ನಕ್ಕೆ ನಾಲಿಗೆ ತೊದಲಿತು. ಹತ್ತಿರದ ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರ ಬಳಿ ಹೋಗಿ ಎಂದರು. ಸಂಜೆಗೆ ನೀರು ನುಂಗಲಾಗಲಿಲ್ಲ. ದೊಡ್ಡ ಆಸ್ಪತ್ರೆಯವರು ನೋಡಿದ ತಕ್ಷಣ ರೋಗ ಗುರುತಿಸಿದರು, ಆದರೆ ವಿಷ ತಡೆಯುವ ಔಷಧಿ ಕೈರೋದಿಂದ ಬರಬೇಕಾಗಿತ್ತು. ಅದು ಮರುದಿನ, ಬುಧವಾರ ಸಂಜೆ ಬಂತು. ಅಷ್ಟರಲ್ಲಿ ಅವಳ ಉಸಿರನ್ನು ಯಂತ್ರ ಆಡಿಸುತ್ತಿತ್ತು. ಈ ರೋಗದಲ್ಲಿ ಜ್ಞಾನ ತಪ್ಪುವುದಿಲ್ಲ, ಮಾನ್ಯರೇ. ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ರೆಪ್ಪೆ ಎತ್ತುವ ಶಕ್ತಿ ಇರಲಿಲ್ಲ, ಆದ್ದರಿಂದ ರಬಾಬ್ ಬೆರಳಿನಿಂದ ಅವಳ ರೆಪ್ಪೆ ಎತ್ತಿ ಹಿಡಿದು, "ಅಮ್ಮಾ, ಅಪ್ಪ ಬಂದಿದಾರೆ ನೋಡು," ಎನ್ನುತ್ತಿದ್ದಳು. ನಾನು ಆ ಕಣ್ಣಿನ ಎದುರು ಹೋಗಿ ನಿಲ್ಲುತ್ತಿದ್ದೆ. ಹತ್ತೊಂಬತ್ತು ದಿನ ಹಾಗೆ ನಿಂತೆ. ನನಗೆ ಅಳು ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ನಿಮ್ಮ ಮೇಲೆ ಸಿಟ್ಟೂ ಬಂದಿಲ್ಲ. ಬರಬೇಕಿತ್ತು ಎಂದು ಗೊತ್ತು, ಅಷ್ಟೇ.

ಜಾಡಿಯಲ್ಲಿ ಮೂರು ಮೀನು ಉಳಿದಿದ್ದವು. ಎರಡನ್ನು ನಿಮ್ಮ ಕಚೇರಿಗೆ ತಂದೆ. ನಿಮ್ಮ ತಪಾಸಕರು, ಸೀಲ್ ಇಲ್ಲದ ಮಾದರಿಯನ್ನು ಸ್ವೀಕರಿಸುವಂತಿಲ್ಲ ಎಂದರು. ಉಳಿದ ಒಂದನ್ನು ಇಬ್ತಿಸಾಮ್ ತಮ್ಮ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ವಿಷ ಇತ್ತು. ಅವರು ಆ ವರದಿಯನ್ನು ಕೊಡಲು ಮನೆಗೇ ಬಂದು, "ಆ ಪುಟಾನ ನಾನೇ ಕೈಯಾರೆ ತಂದು ನಿಮಗೆ ಕೊಡಬೇಕಿತ್ತು ಚಿಕ್ಕಪ್ಪಾ, ಅನುಮತಿ ಬರ್ಲಿ ಅಂತ ಕಾದೆ," ಎಂದು ಅತ್ತರು. ನಾನು ಅವರಿಗೆ ಚಹಾ ಮಾಡಿಕೊಟ್ಟೆ. ವರದಿ ಹಿಡಿದು ನಿಮ್ಮ ಕಚೇರಿಗೆ ಮತ್ತೆ ಬಂದಾಗ ನಿಮ್ಮ ಗುಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದರು. ಕೆಟ್ಟ ಮನುಷ್ಯರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು.

"ಬಸ್ಯೂನಿ ಯಜಮಾನ್ರೇ, ಮೂಲ ಗೊತ್ತಿಲ್ಲ ಅಂತ ಬರೆದಿದ್ದು ನಿಮಗೇ ಒಳ್ಳೇದು. ಅಂಗಡಿ ಉಳೀತು, ಹೆಸರು ಉಳೀತು."

"ಆದ್ರೆ ಅದು ನನ್ನದು."

"ಇರ್ಬಹುದು. ಪರವಾನಗಿ ಇರೋ ಅಂಗಡೀದು ಅಂತ ನಾವು ಬರೆದ್ರೆ, ಆ ಪರವಾನಗಿ ಕೊಟ್ಟೋರು ಯಾರು ಅಂತ ಮೇಲಿನೋರು ಕೇಳಲ್ವಾ? ಮನೆಗೆ ಹೋಗಿ, ಮಗಳನ್ನ ನೋಡ್ಕೊಳ್ಳಿ."

ಆಗ ನನಗೆ ಎಲ್ಲ ತಿಳಿಯಿತು. ಜನ ಯಾವಾಗಲೂ ಗೊತ್ತಿಲ್ಲದವನ ಮೀನಿನಿಂದಲೇ ಸಾಯಬೇಕು. ಎಲ್ಲಿಂದಲೋ ಬಂದ ಕೈಗಾಡಿ, ಯಾರದೋ ಹಿತ್ತಲು, ಹೆಸರಿಲ್ಲದ ಪೀಪಾಯಿ. ಹಾಗಾದರೆ ಗೊತ್ತಿರುವವನು ಒಳ್ಳೆಯವನು, ಅವನ ಮೂಗು ಸಾಕು, ನಿಮ್ಮ ಮೊಹರು ಸಾಕು, ಒಂದು ಪುಟದ ವಿಜ್ಞಾನ ಯಾರಿಗೆ ಬೇಕು? ನನ್ನ ಹೆಸರು ಬರೆದರೆ ಈ ಏರ್ಪಾಡು ಕುಸಿದುಬೀಳುತ್ತದೆ.

ಈ ವರ್ಷ ನಾನು ಪೀಪಾಯಿ ತುಂಬಿಲ್ಲ. ಅಂಗಡಿಯ ಬಾಗಿಲು ತೆಗೆದು ಸುಮ್ಮನೆ ಕೂರುತ್ತೇನೆ. ಜನ ಬರುತ್ತಾರೆ. ಹೋದ ವಾರ ಪಕ್ಕದ ಓಣಿಯ ವಜ್ದಿಯ ತಾಯಿ ಬಂದು, "ನಮ್ಮೆಜಮಾನ್ರಿಗೂ ಈಗ ಬೀಪಿ ಅಂತೆ. ಉಪ್ಪು ಕಮ್ಮಿ ಇರೋದು ಎರಡು ಕಿಲೋ ಎತ್ತಿಡಿ ಬಸ್ಯೂನಿ ಅಣ್ಣಾ," ಎಂದರು.

"ನಗಾತ್ ತಿಂದಿದ್ದು ಅದನ್ನೇ, ನನ್ನ ಕೈಯದನ್ನೇ," ಎಂದೆ.

"ಎಲ್ಲಾದ್ರೂ ಉಂಟಾ? ನಿಮ್ಮದಲ್ಲ ಅಂತ ಸರ್ಕಾರನೇ ಬರ್ಕೊಟ್ಟಿದೆಯಲ್ಲ. ದುಃಖದಲ್ಲಿ ಮನುಷ್ಯ ಏನೇನೋ ತನ್ನ ತಲೆ ಮೇಲೆ ಹಾಕ್ಕೋತಾನೆ. ಅವಳಿದ್ದಿದ್ರೆ ನಿಮಗೆ ಬೈತಿದ್ಲು."

ನಾನು ವರದಿ ತೋರಿಸಿದೆ. ಅದರಲ್ಲಿ ನಿಮ್ಮ ಮೊಹರು ಇರಲಿಲ್ಲ. ಅವರು ನನ್ನ ಭುಜ ತಟ್ಟಿ, ಎದುರಿನ ಅಂಗಡಿಗೆ ಹೋಗಿ ಉಪ್ಪು ಕಡಿಮೆ ಇರುವುದನ್ನು ಹೇಳಿಟ್ಟು ಹೋದರು. ಎದುರಿನ ಅಂಗಡಿಯವನು ಕೆಟ್ಟವನಲ್ಲ. ಆ ಹಾಲ್‌ನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದವನು.

ಆದ್ದರಿಂದ ಕೇಳುವುದು ಇಷ್ಟು. ಇಬ್ತಿಸಾಮ್ ಬರೆದ ಆ ಒಂದು ಪುಟವನ್ನು ಈ ವಾರವೇ ಬಿಡುಗಡೆ ಮಾಡಿ, ಪ್ರತಿ ಫಸೀಖ್ ಅಂಗಡಿಯಲ್ಲೂ ನಿಮ್ಮ ಪರವಾನಗಿಯ ಪಕ್ಕದಲ್ಲೇ ಅಂಟಿಸಿ. ಪ್ರಕಟಣೆಯಿಂದ ವಾಸನೆಯ ಮಾತನ್ನು ಕಿತ್ತುಹಾಕಿ. ಔಷಧಿಯನ್ನು ಹಬ್ಬಕ್ಕೆ ಮೊದಲೇ ಪ್ರಾಂತ್ಯದ ಆಸ್ಪತ್ರೆಗೆ ತರಿಸಿಡಿ. ಮತ್ತು ಕಡತದ ಆ ಸಾಲನ್ನು ಹೊಡೆದು, ನನ್ನ ಹೆಸರನ್ನೂ ನನ್ನ ಪರವಾನಗಿಯ ಸಂಖ್ಯೆಯನ್ನೂ ಬರೆದು, ಮೊಹರು ಒತ್ತಿ, ಒಂದು ಪ್ರತಿ ನನಗೆ ಕೊಡಿ. ಅದನ್ನು ಹಿಡಿದುಕೊಂಡು ವಜ್ದಿಯ ಮನೆಗೆ ಹೋಗಬೇಕು. ಅವನ ತಾಯಿ ನನ್ನ ಮಾತು ನಂಬುತ್ತಿಲ್ಲ, ಇನ್ನೂ ನಿಮ್ಮ ಮಾತನ್ನೇ ನಂಬುತ್ತಾರೆ.

ಇಂತಿ,
ನೀವು ನಂಬಿಕಸ್ತ ಎಂದು ಬರೆದುಕೊಟ್ಟವನು,
ನಗಾತ್‌ಳ ಗಂಡ, ಬಸ್ಯೂನಿ
ಫಸೀಖ್ ಅಂಗಡಿ, ಪೇಟೆಬೀದಿ, ಕಫ್ರ್ ಬದ್ರಾನ್