ಬೀಗದ ಕೋಣೆಯ ಈಚೆಯ ಐದು ಸಾಲು ಸೊಪ್ಪು

ನಮ್ಮ ವಸತಿ ಸಮುಚ್ಚಯದ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ, ತಾವು ಬೀಗ ಹಾಕಿ ಮರೆತಿರುವ ದಾಸ್ತಾನು ಕೋಣೆಯಿಂದ ವಿಷ ಸೋರುತ್ತಿದೆ. ನನ್ನ ಅಂಗಳದ ಗಿಡಗಳನ್ನು ಅದು ಆಗಲೇ ಕೊಂದಿದೆ. ಈಗ ಇಪ್ಪತ್ತನಾಲ್ಕು ಮನೆಯವರು ಕುಡಿಯುವ ನೀರಿನ ತೊಟ್ಟಿಯನ್ನೂ ಮುಟ್ಟಿದೆ ಎಂದು ನನಗೆ ಭಯವಾಗಿದೆ. ಇದನ್ನೇ ಜುಲೈನಿಂದ ಮೂರು ಅರ್ಜಿಗಳಲ್ಲಿ ನಯವಾಗಿ ಬರೆದು ಕೊಟ್ಟೆ. ಅವು ತಮ್ಮ ಮೇಜಿನ ಮೇಲೆ ಯಾವ ಕಡತದ ಕೆಳಗೆ ಸುಖವಾಗಿ ಮಲಗಿವೆಯೋ ತಿಳಿಯದು, ಆದ್ದರಿಂದ ನಾಲ್ಕನೆಯದನ್ನು ಊರಿನವರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಅನ್ನಪೂರ್ಣಮ್ಮ. ಹುಟ್ಟಿದ್ದು ಮೊಳಕಾಲ್ಮುರು, ಕೊಟ್ಟಿದ್ದು ಚಳ್ಳಕೆರೆಗೆ. ನಮ್ಮ ಯಜಮಾನರು ಸೋಮಶೇಖರಪ್ಪನವರು ಎಣ್ಣೆ ವ್ಯಾಪಾರ ಬಿಟ್ಟ ಮೇಲೆ, ನಾಲ್ಕು ವರ್ಷದ ಹಿಂದೆ, ಅಂದರೆ ತೊಂಬತ್ತೆಂಟರಲ್ಲಿ, ತಮ್ಮ ಸಮುಚ್ಚಯದ ನೆಲಮಹಡಿಯ ಮನೆಗೆ ಬಂದೆವು. ಮನೆ ಹಿಂದೆ ಒಂದು ಅಂಗಳವಿದೆ. ಎಂಟಡಿ ಉದ್ದ, ಆರಡಿ ಅಗಲ. ಎರಡು ಮಂಚ ಹಾಕಿದರೆ ಮೂರನೆಯವರು ನಿಂತೇ ಇರಬೇಕು. ಅದರ ಒಂದು ತುದಿಗೆ ತಮ್ಮ ದಾಸ್ತಾನು ಕೋಣೆಯ ಗೋಡೆ, ಇನ್ನೊಂದು ತುದಿಗೆ ಎಲ್ಲರ ಮನೆಗೂ ನೀರು ಹೋಗುವ ನೆಲದಡಿಯ ತೊಟ್ಟಿ. ನಡುವಿನ ಮಣ್ಣಿನಲ್ಲಿ ಐದು ಸಾಲು ಮೆಂತ್ಯ, ದಂಟು, ಪಾಲಕ್ ಹಾಕಿದೆ. ಕಲ್ಲುಬೆಂಚಿನ ಮೇಲೆ ಖಾಲಿ ಎಣ್ಣೆ ಡಬ್ಬಗಳನ್ನಿಟ್ಟು ಅವುಗಳಲ್ಲೂ ಸೊಪ್ಪು, ಟೊಮೇಟೊ ಬೆಳೆಸಿದೆ. ಸೀಸೆಯ ಔಷಧಿಯನ್ನು ಒಂದು ಹನಿಯೂ ಮುಟ್ಟಿಸಲಿಲ್ಲ. ಕುರಿಗೊಬ್ಬರ, ನೆನೆಹಾಕಿದ ಕಡಲೆಕಾಯಿ ಹಿಂಡಿ, ಹುಳ ಬಿದ್ದರೆ ಬೇವಿನ ಕಷಾಯ, ಇಷ್ಟೇ. ಗೋಡೆಯ ಆಚೆ ತಾವು ಚೀಲಗಟ್ಟಲೆ ವಿಷವನ್ನು ಪೋಷಿಸುತ್ತಿದ್ದಾಗ ಈಚೆ ನಾನು ಎಲೆಯ ಹಿಂದಿನ ಹುಳುವನ್ನು ಕಡ್ಡಿಯಿಂದ ಆರಿಸಿ ತೆಗೆಯುತ್ತಿದ್ದೆ. ನೆನೆಸಿಕೊಂಡರೆ ನನಗೇ ನಗು ಬರುತ್ತದೆ.

ಸೊಪ್ಪು ನಮ್ಮಿಬ್ಬರಿಗೆ ಹೆಚ್ಚಾಗುತ್ತಿತ್ತು. ಪಕ್ಕದ ಮನೆಯ ಗಂಗಲಕ್ಷ್ಮಿಗೆ ಕೊಡುತ್ತಿದ್ದೆ. ಆಕೆಯ ಗಂಡ ಚಂದ್ರಣ್ಣ ತಮ್ಮ ಕಚೇರಿಯಲ್ಲೇ ದಿನಗೂಲಿಗೆ ಇದ್ದಾನೆ, ತಮಗೆ ಚಹಾ ತಂದುಕೊಡುವವನೇ ಅವನು. ಮದುವೆಯಾಗಿ ಆರು ವರ್ಷದ ಮೇಲೆ ಆಕೆ ಬಸುರಿಯಾಗಿದ್ದಾಳೆ. ರಕ್ತ ಕಡಿಮೆ, ಸೊಪ್ಪು ತಿನ್ನಿ ಎಂದು ಡಾಕ್ಟರು ಹೇಳಿದ್ದರು. ದಿನ ಬಿಟ್ಟು ದಿನ ಒಂದು ಕಟ್ಟು ಕಿತ್ತು ನಾನೇ ಬಾಗಿಲಿಗೆ ಕೊಟ್ಟು ಬಂದೆ. ಗೊಬ್ಬರ ತರುವ ಮುದ್ದಪ್ಪ ಆಕೆಯ ತಂದೆ, ದೇವಸಮುದ್ರದ ಕಡೆಯ ಕುರಿಗಾರ.

ಜೂನ್‌ನಲ್ಲಿ ಗೋಡೆಯ ಪಕ್ಕದ ಸಾಲು ಕೆಟ್ಟಿತು. ಎಲೆಯ ಅಂಚು ಬೆಳ್ಳಗಾಗಿ ಸುರುಟಿಕೊಂಡಿತು. ಕುರಿಗೊಬ್ಬರ ಸರಿಯಾಗಿ ಕೊಳೆಯದಿದ್ದರೆ ಅದರ ಕಾವಿಗೆ ಬೇರು ಬೇಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನೂ ಹಾಗೆಂದೇ ತಿಳಿದೆ.

"ಹಸೀ ಗೊಬ್ಬರ ತಂದಾಕಿದೀಯಲ್ಲ ಮುದ್ದಪ್ಪ. ಬೇರೆಲ್ಲ ಬೆಂದೋಗೈತೆ ನೋಡು" ಎಂದು ಗದರಿದೆ.

"ಎಲ್ಡು ವರ್ಷ ಕುರಿ ರೊಪ್ಪದಾಗೆ ಕೊಳೆತಿದ್ದು ತಾಯಿ. ಕೈಯಿಟ್ಟು ನೋಡ್ರಿ, ತಣ್ಣಗೈತೆ" ಎಂದು ಆತ ತನ್ನ ಕೈಯನ್ನೇ ಮಣ್ಣೊಳಗೆ ಇಳಿಸಿದ. ನಾನು ಕೈ ಇಡಲಿಲ್ಲ. ಇನ್ನು ಬರಬೇಡ ಎಂದು ಕಳಿಸಿಬಿಟ್ಟೆ. ಆಮೇಲೆ ಕಾವು ಇಳಿಯಲಿ ಎಂದು ಹತ್ತು ದಿನ ಬಿಡದೆ ಆ ಮಣ್ಣಿಗೆ ಬಕೆಟ್ಟುಗಟ್ಟಲೆ ನೀರು ಸುರಿದೆ.

ಜುಲೈನಲ್ಲಿ ಎರಡನೆಯ ಸಾಲು ಹೋಯಿತು, ಹಿಂದೆಯೇ ಮೂರನೆಯದು. ಅದೇ ಗೊಬ್ಬರ, ಅದೇ ಬೀಜ, ಅದೇ ನಲ್ಲಿಯ ನೀರು ಕುಡಿದ ಡಬ್ಬದ ಗಿಡಗಳು ಮಾತ್ರ ಹಸಿರಾಗಿ ನಗುತ್ತಿದ್ದವು. ಆಗ ಬುದ್ಧಿ ಬಂತು. ನಮ್ಮ ಯಜಮಾನರು ಸ್ಟೂಲಿನ ಮೇಲೆ ಹತ್ತಿ, ತಮ್ಮ ಕೋಣೆಯ ಮುರಿದ ಗವಾಕ್ಷಿಯಿಂದ ಬ್ಯಾಟರಿ ಬಿಟ್ಟು ನೋಡಿದರು.

"ಮ್ಯಾಲೆ ಶೀಟು ಒಡದೈತೆ. ಚೀಲ ಎಲ್ಲಾ ಹರಕಂಡು ಮಳೆ ನೀರಾಗೆ ಕರಗ್ತಾ ಐತೆ. ಬುರುಡೆ ಗುರುತಿನ ಚೀಲ ಕಣೆ ಅವು" ಎಂದವರು ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟು, "ಇಳೀತೀನಿ, ಸ್ಟೂಲ್ ಗಟ್ಟಿಯಾಗಿ ಹಿಡ್ಕ" ಎಂದರು.

ಸಮುಚ್ಚಯ ಕಟ್ಟುವ ಮುಂಚೆ ಆ ಕೋಣೆಯಲ್ಲಿ ಕೀಟನಾಶಕ, ಕಳೆನಾಶಕ ಇಡುತ್ತಿದ್ದರಂತೆ. ಮನೆಗಳನ್ನು ಕಟ್ಟಿದವರಿಗೆ ಅದನ್ನು ಖಾಲಿ ಮಾಡಬೇಕು ಎನ್ನಿಸಲಿಲ್ಲವೇ? ತಮಗೂ ಎನ್ನಿಸಲಿಲ್ಲವೇ? ಅಥವಾ ಬೀಗದ ಕೈ ಯಾವ ಅಧಿಕಾರಿಯ ಕಾಲದಲ್ಲಿ ಕಳೆಯಿತು ಎಂಬ ವಿಚಾರಣೆ ಇನ್ನೂ ಮುಗಿದಿಲ್ಲವೇ?

ನನ್ನ ಅರ್ಜಿಗಳಿಗೆ ಪ್ರತಿಯಾಗಿ ತಮ್ಮಿಂದ ಬಂದದ್ದು ನೋಟೀಸು. "ತಾವು ಅನಧಿಕೃತವಾಗಿ ಬೆಳೆಸಿರುವ ಗಿಡಗಳ ತೇವಾಂಶದಿಂದ ಗೋಡೆಗೆ ಹಾನಿಯಾಗುತ್ತಿದ್ದು, ಏಳು ದಿನಗಳೊಳಗಾಗಿ ತೆರವುಗೊಳಿಸತಕ್ಕದ್ದು." ಕೊಲೆಯನ್ನು ನೋಡಿದವನನ್ನೇ ಊರು ಬಿಡಿಸುವ ಈ ಜಾಣತನಕ್ಕೆ ಏನೆನ್ನಲಿ? ಆದರೆ ನೋಟೀಸಿನಲ್ಲಿ ಒಂದು ಪದ ನಿಜವಾಗಿದೆ, ತೇವಾಂಶ. ಹತ್ತು ದಿನ ನಾನು ಸುರಿದ ನೀರು ಆ ವಿಷವನ್ನು ತೊಟ್ಟಿಯ ಕಡೆ ಬೇಗ ತಳ್ಳಿರಬಹುದು. ಅದನ್ನು ನೆನೆದು ನಾನು ಎಷ್ಟೋ ಸಲ ಊಟ ಬಿಟ್ಟು ಎದ್ದಿದ್ದೇನೆ.

ಆಗಸ್ಟ್‌ನಲ್ಲಿ ಮುದ್ದಪ್ಪನಿಗೆ ಹೇಳಿ ಕಳಿಸಿ ತಪ್ಪಾಯಿತೆಂದೆ. ಆತ ಅದನ್ನು ದೊಡ್ಡದು ಮಾಡಲಿಲ್ಲ. ಮಣ್ಣಿನ ಸೊಪ್ಪು ಒಂದು ಕಟ್ಟು, ಡಬ್ಬದ ಸೊಪ್ಪು ಒಂದು ಕಟ್ಟು ಕಿತ್ತುಕೊಂಡು, ಊರ ಹೊರಗೆ ಬಿಟ್ಟಿದ್ದ ಮಂದೆಗೆ ನನ್ನನ್ನೂ ಕರೆದುಕೊಂಡು ಹೋದ. ಗೊತ್ತಿಲ್ಲದ ಜಾಗಕ್ಕೆ ಮಂದೆ ಹೋದಾಗ ಅವರು ಮೊದಲು ಒಂದು ಮುದಿ ಕುರಿಯನ್ನು ಬಿಡುತ್ತಾರೆ. ಅದು ಮೇವಿಗೂ ನೀರಿಗೂ ಬಾಯಿ ಹಾಕಿದ ಮೇಲೆಯೇ ಉಳಿದವು. ಆ ಕುರಿ ಡಬ್ಬದ ಸೊಪ್ಪನ್ನು ಒಂದೇ ಸಲಕ್ಕೆ ಮುಗಿಸಿತು. ಮಣ್ಣಿನದನ್ನು ಮೂಸಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು, ಮಂದೆಯೊಳಗೆ ಸೇರಿಕೊಂಡಿತು.

"ನನ್ನ ಮಗಳು ಇದನ್ನ ತಿಂದವ್ಳಾ ತಾಯಿ?" ಎಂದು ಮುದ್ದಪ್ಪ ಕೇಳಿದ. ನಾನು ಹೌದೆಂದೆ.

ಈಗ ಸೆಪ್ಟೆಂಬರ್. ಐದೂ ಸಾಲು ಸತ್ತಿವೆ. ಕಳೆದ ಸೋಮವಾರ ಬೆಳಿಗ್ಗೆ ಡಬ್ಬದ ದಂಟಿನ ಎಲೆಯ ಅಂಚು ಬೆಳ್ಳಗಾಗಿತ್ತು. ಮಾನ್ಯರೇ, ದಯವಿಟ್ಟು ಈ ಮಾತನ್ನು ಎರಡು ಸಲ ಓದಿ. ಆ ಡಬ್ಬ ಕಲ್ಲಿನ ಮೇಲಿದೆ, ನೆಲಕ್ಕೆ ತಾಗಿಲ್ಲ, ಅದಕ್ಕೆ ಹೊಸದಾಗಿ ಹೋಗುವುದು ನಲ್ಲಿಯ ನೀರೊಂದೇ. ಬುಧವಾರ ಮುದ್ದಪ್ಪ ಒಂದು ಕ್ಯಾನು ನಲ್ಲಿ ನೀರನ್ನು ಮಂದೆಗೆ ಒಯ್ದ. ಬಿಸಿಲಿನಲ್ಲಿ ನಡೆದು ಬಂದಿದ್ದ ಕುರಿ ಅದಕ್ಕೆ ಬಾಯಿ ಹಾಕಲಿಲ್ಲವಂತೆ. ಕುರಿಯ ಮೂಗು ಪ್ರಯೋಗಾಲಯವೇ ಎಂದು ತಾವು ನಗಬಹುದು. ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ಎಂದು ಮೊದಲ ಅರ್ಜಿಯಲ್ಲೇ ಬೇಡಿಕೊಂಡಿದ್ದೆ, ನೀರು ತುಂಬಿಕೊಂಡು ಹೋಗಲು ತಮ್ಮ ಸೀಸೆ ಇನ್ನೂ ಬಂದಿಲ್ಲ. ಬಂದದ್ದು ಮೆಟ್ಟಿಲ ಬಳಿ ಅಂಟಿಸಿದ ಕಾಗದ: "ನೀರು ಕುಡಿಯಲು ಯೋಗ್ಯವಾಗಿದೆ, ನಿವಾಸಿಗಳು ವದಂತಿಗಳಿಗೆ ಕಿವಿಗೊಡಬಾರದು." ಕೆಳಗೆ ತಮ್ಮ ಸಹಿ, ಮೊಹರು.

ನಾನು ಮನೆಮನೆಗೂ ಹೋಗಿ ಹೇಳಿದೆ. ಕೆಲವರು ಹೊರಗಿನಿಂದ ನೀರು ತರಲು ಶುರು ಮಾಡಿದರು. ಗಂಗಲಕ್ಷ್ಮಿ ನಿನ್ನೆಯೂ ನಲ್ಲಿಯಲ್ಲೇ ಕೊಡ ಹಿಡಿದಿದ್ದಳು. ಆಕೆಗೆ ಏಳನೆಯ ತಿಂಗಳು. ಊರಿನ ಎಣ್ಣೆ ಗಿರಣಿಯ ಬೋರಿನ ನೀರು ನಾನೇ ತಂದುಕೊಡುತ್ತೇನೆ, ಯಾರಿಗೂ ಕಾಣದ ಹಾಗೆ ತರುತ್ತೇನೆ ಎಂದು ಅಂಗಲಾಚಿದೆ.

"ಸಾಹೇಬ್ರ ಕಾಗದ ಅಂಟಿಸಿದ್ದೇ ನಮ್ಮನೆಯವ್ರು ಅಕ್ಕಾ" ಎಂದಳು. "ನಾವೇ ಬ್ಯಾರೆ ನೀರು ಕುಡಿದ್ರೆ, ಸಾಹೇಬ್ರ ಮಾತು ಸುಳ್ಳು ಅಂತ ಅವ್ರೇ ಹೇಳ್ದಂಗಾಗ್ತೈತೆ. ಕೆಲಸ ಹೋದ್ರೆ ಮಗೀಗೆ ಏನ್ ಮಾಡ್ಲಿ?"

ಕೊಡ ತುಂಬಿತು. ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದಳು.

ಆದ್ದರಿಂದ ನನ್ನ ಬೇಡಿಕೆ ಇದು. ಇಂದೇ ಬಂದು ಆ ಬೀಗವನ್ನು ಒಡೆಸಿ, ತೊಟ್ಟಿಯ ನೀರನ್ನು ನಿಲ್ಲಿಸಿ, ಪರೀಕ್ಷೆ ಆಗುವವರೆಗೆ ಎಲ್ಲರಿಗೂ ಟ್ಯಾಂಕರಿನಲ್ಲಿ ನೀರು ಕೊಡಿ. ನನ್ನ ಗಿಡಗಳನ್ನು ನಾನೇ ಕಿತ್ತುಹಾಕುತ್ತೇನೆ, ಅಂಗಳಕ್ಕೆ ಸಿಮೆಂಟು ಬಳಿಯಿರಿ, ಬೇಕಾದರೆ ನನ್ನನ್ನೇ ಮನೆ ಖಾಲಿ ಮಾಡಿಸಿ. ಇಷ್ಟು ಆಗುವುದಿಲ್ಲ ಎಂದಾದರೆ ಇನ್ನೊಂದನ್ನಾದರೂ ಮಾಡಿ. ಚಂದ್ರಣ್ಣ ನಾಳೆ ಬೆಳಿಗ್ಗೆ ಚಹಾ ತಂದಾಗ ತಲೆಯೆತ್ತಿ ಅವನ ಮುಖ ನೋಡಿ, ನಿನ್ನ ಹೆಂಡತಿ ಆ ನೀರು ಕುಡಿಯುವುದು ಬೇಡಪ್ಪ ಎಂದು ಒಂದು ಮಾತು ಹೇಳಿ. ನನ್ನ ಮಾತನ್ನು ಆಕೆ ಕೇಳುವುದಿಲ್ಲ, ತಮ್ಮದನ್ನು ಕೇಳುತ್ತಾಳೆ.

ಇಂತಿ,
ಬಸುರಿಗೆ ಒಳ್ಳೆಯದಾಗಲೆಂದು ಸೊಪ್ಪು ಕೊಟ್ಟು ಈಗ ಆಕೆಯ ತಂದೆಗೆ ಮುಖ ತೋರಿಸಲಾಗದ
ಅನ್ನಪೂರ್ಣಮ್ಮ
ಚಳ್ಳಕೆರೆ