ಕಸ್ತೂರಿಯ ಜೂಲಿಗೆ ಕತ್ತರಿ ಹಾಕಿದ್ದು ನಾನೇ

ಚಲಪತಿ,

ಕುದುರೆ ಹತ್ರ ಹೋಗೋಕ್ಮುಂಚೆ ಇದನ್ನ ಓದ್ಲಾ. ಕಸ್ತೂರಿ ಕತ್ತಿನ ಜೂಲಿಗೆ ಕತ್ತರಿ ಹಾಕ್ಬುಟ್ಟೆ. ಅಮ್ಮನ್ನ ಬೈಬೇಡ, ಅವಳಿಗೆ ಗೊತ್ತಿಲ್ಲ.

ಬೇರಿಕೆ ಸಂತೆಗೆ ಹುರುಳಿ ತರೋಕೆ ಹೊರಟಾಗ ನೀನು ಹೇಳಿದ್ದೆ, "ಅಕ್ಕ, ಕೂದಲು ದಟ್ಟವಾಗಿ ಲಗಾಮಿಗೆ ಸಿಕ್ಕೊಳ್ತೈತೆ. ಒಳಗಿಂದ ಸ್ವಲ್ಪ ಸ್ವಲ್ಪನೇ ಬೆರಳಿಗೆ ಸುತ್ತಿ ಕೀಳು" ಅಂತ. ಅರ್ಧ ಹಂಗೇ ಮಾಡ್ದೆ. ಕಂಪನಿ ಬಸ್ಸಿಗೆ ಹೊತ್ತಾಯ್ತು ಅಂತ ಗಂಟು ಬಿದ್ದಿದ್ದನ್ನ ಕತ್ತರಿಸ್ಬುಟ್ಟೆ. ಈಗ ನಡುವೆ ಅಂಗೈ ಅಗಲ ಮೋಟು ಪೊರಕೆ ಥರ ನಿಂತೈತೆ. ನಾಳೆ ಮತ್ತಿಗಿರಿ ಕುದುರೆ ಸ್ಪರ್ಧೇಲಿ ಎಲ್ಲರ ಕಣ್ಣೂ ಅಲ್ಲಿಗೇ ಹೋಗ್ತೈತೆ, ಗೊತ್ತು ಕಣ್ಲಾ.

ಸಮ ಮಾಡ್ತೀನಿ ಅಂತ ನೀನೂ ಕತ್ತರಿ ಹಿಡೀಬೇಡ. ನೀರು ಚಿಮುಕಿಸಿ ತುದಿಯಿಂದ ಮೇಲಕ್ಕೆ ಬಾಚು. ಎಣ್ಣೆ ಬೇಡ, ಜಡೆ ನಿಲ್ಲಲ್ಲ. ಎಡಗಡೆ ಬೀಳೋ ಕೂದಲನ್ನೂ ಬಲಕ್ಕೆ ತಂದು ಸಣ್ಣ ಸಣ್ಣ ಜಡೆ ಹಾಕಿದ್ರೆ ಮೋಟು ಮುಚ್ಕೊಳ್ತೈತೆ. ಕಪ್ಪು ದಾರ ಹೊಲಿಗೆ ಮಿಷನ್ ಮೇಲೆ ಇಟ್ಟಿದ್ದೀನಿ.

ಇನ್ನೊಂದು. ಕತ್ತರಿ ಸದ್ದಿಗೆ ಬೆದರಿ ಅದು ಹಗ್ಗ ಎಳೀತು. ಸಿಟ್ಟಲ್ಲಿ ಒಂದೇಟು ಹಾಕ್ಬುಟ್ಟೆ. ಆಮೇಲೆ ಬೆಲ್ಲ ಹಿಡಿದ್ರೆ ಮುಖ ತಿರುಗಿಸ್ಕೊಂತು. ಇದನ್ನ ಹೇಳ್ದೆ ಇರೋಣ ಅಂತಾನೇ ಹೊರಟಿದ್ದೆ, ಮನಸ್ಸು ತಡೀದೆ ಬಸ್‌ಸ್ಟಾಪಿಂದ ವಾಪಸ್ ಬಂದು ಇದನ್ನೂ ಬರೀತಿದ್ದೀನಿ.

ಅದನ್ನ ಮೊದ್ಲು ಮಾತಾಡ್ಸು, ಕತ್ತು ಸವರು. ಆಮೇಲೆ ಬಾಚಣಿಗೆ ಹಿಡಿ.

ಸಾಯಂಕಾಲ ಬತ್ತೀನಿ, ಎಷ್ಟು ಬೇಕೋ ಅಷ್ಟು ಬೈಯಿ. ನಾಳೆ ಹಗ್ಗ ಹಿಡಿಯೋಕೆ ನಾನೂ ಬತ್ತೀನಿ, ಅದು ನನ್ನನ್ನ ಹತ್ರಕ್ಕೆ ಸೇರಿಸಿದ್ರೆ.

ಗಂಗಕ್ಕ